ಯಾವ ಕೋಣೆಯ ಗಂಟೆ

ನಮ್ಮ ಕಟ್ಟಡದ ಕೆಳಗಿನ ಮನೆಯಲ್ಲಿರುವ ಹೆಂಗಸಿಗೆ ಬೀದಿಯವರು ಇಟ್ಟಿರುವ ಹೆಸರು ‘ಇದೋ ಬಂದೆ’. ನಿಜವಾದ ಹೆಸರು ಬಾಗಿಲ ಮೇಲಿದೆ, ಅದನ್ನು ಅಂಚೆಯವನು ಮಾತ್ರ ಓದುತ್ತಾನೆ. ಯಾರು ಕರೆದರೂ, ಎಲ್ಲಿಂದ ಕರೆದರೂ ಅವಳ ಬಾಯಿಂದ ಮೊದಲು ಬರುವ ಮಾತು ಅದೇ. ಗೇಟಿನ ಹತ್ತಿರ ಹಾಲಿನವನು ಕೂಗಿದರೆ ‘ಇದೋ ಬಂದೆ’. ಬಚ್ಚಲಿನಿಂದ ಮಗಳು ಟವಲ್ ಕೇಳಿದರೆ ‘ಇದೋ ಬಂದೆ’. ಊರಿನ ಆ ತುದಿಯಿಂದ ಡೆಂಟಿಸ್ಟ್ ಫೋನ್ ಮಾಡಿದರೂ ‘ಇದೋ ಬಂದೆ’. ಹೇಳಿದ ಮೇಲೆ ಬಂದೇ ಬರುತ್ತಾಳೆ, ಸುಳ್ಳು ಹೇಳುವವಳಲ್ಲ. ಆದರೆ ಹೇಳುವುದಕ್ಕೂ ಬರುವುದಕ್ಕೂ ನಡುವೆ ಹಾಲಿನವನು ಇನ್ನೊಂದು ಬೀದಿ ಸುತ್ತಿ ವಾಪಸು ಬಂದಿರುತ್ತಾನೆ.

ನಾನು ಮೇಲಿನ ಮಹಡಿಯಲ್ಲಿ ಬಾಡಿಗೆಗಿರುವವನು. ನಿವೃತ್ತಿಯಾಗಿ ಮನೆಯಲ್ಲಿ ಕೂತಿದ್ದೇನೆ. ‘ಪುರುಸೊತ್ತಿಲ್ಲ’ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ತಮಗೆ ಪುರುಸೊತ್ತಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಲು ಅವರಿಗೆ ಬೇಕಾದಷ್ಟು ಪುರುಸೊತ್ತಿರುತ್ತದೆ. ಈಕೆ ಆ ಪೈಕಿಯವಳಲ್ಲ. ತಲೆ ಕೆರೆದುಕೊಳ್ಳಲೂ ಬಿಡುವಿಲ್ಲದಿದ್ದಾಗಲೂ ಆಗುವುದಿಲ್ಲ ಎಂದವಳಲ್ಲ. ಅವಳ ಕಷ್ಟವೆಲ್ಲ ಇರುವುದೇ ಅಲ್ಲಿ ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ. ಕೇಳುತ್ತಾ ಕೇಳುತ್ತಾ ಅವಳು ಒಣಗಿದ ಬಟ್ಟೆ ಮಡಿಸಿ ಮುಗಿಸಿರುತ್ತಾಳೆ.

ಅವಳ ಕಸುಬು ಹಲ್ಲಿನ ಸೆಟ್ ಮಾಡುವುದು. ಹಲ್ಲು ಬಿದ್ದುಹೋದವರ ವಸಡಿನ ಅಚ್ಚು ತೆಗೆದು ಡೆಂಟಿಸ್ಟ್‌ಗಳು ಡಬ್ಬಿಯಲ್ಲಿಟ್ಟು ಕಳಿಸುತ್ತಾರೆ. ಅವಳು ಅದಕ್ಕೆ ಪ್ಲಾಸ್ಟರ್ ಹೊಯ್ದು ಆ ಬಾಯಿಯ ಪಡಿಯಚ್ಚು ಎಬ್ಬಿಸುತ್ತಾಳೆ. ಅದರ ಮೇಲೆ ಮೇಣ ಕೂರಿಸಿ, ಮೇಣದಲ್ಲಿ ಒಂದೊಂದೇ ಹಲ್ಲು ನಿಲ್ಲಿಸಿ, ಆಮೇಲೆ ಮೇಣದ ಜಾಗಕ್ಕೆ ವಸಡಿನ ಬಣ್ಣದ ಪ್ಲಾಸ್ಟಿಕ್ ತುಂಬಿ ಬೇಯಿಸಿ, ಅರ ಹಾಕಿ, ಹೊಳಪು ಕೊಟ್ಟು ಕಳಿಸುತ್ತಾಳೆ. ಎರಡು ಬೀದಿ ಆಚೆ, ಔಷಧಿ ಅಂಗಡಿಯ ಹಿಂದಿನ ಕೋಣೆ ಅವಳ ಕೆಲಸದ ಜಾಗ. ಕಿಟಕಿಯ ಪಕ್ಕ ಉದ್ದದ ಮೇಜು, ಅದರ ಮೇಲೆ ಸಾಲಾಗಿ ಯಾರ್ಯಾರದೋ ದವಡೆಗಳು. ಮೊದಲ ಸಲ ಹೋದವರಿಗೆ ಎದೆ ಧಸಕ್ಕೆನ್ನುತ್ತದೆ. ಈ ಕೆಲಸದಲ್ಲಿ ಅವಳದು ಎತ್ತಿದ ಕೈ. ನಮ್ಮ ಊರಿನ ಮುದುಕರಲ್ಲಿ ಅರ್ಧ ಜನ ನಗುವುದು ಅವಳು ಮಾಡಿಕೊಟ್ಟ ಹಲ್ಲಿನಲ್ಲೇ, ನಾನೂ ಸೇರಿದಂತೆ.

ಮೊದಲು ಒಬ್ಬರೇ ಡೆಂಟಿಸ್ಟ್‌ಗೆ ಮಾಡುತ್ತಿದ್ದಳು. ಎರಡನೆಯವರು ‘ಸ್ವಲ್ಪ ನಮ್ಮದೂ ನೋಡಮ್ಮ’ ಎಂದರು, ಒಪ್ಪಿಕೊಂಡಳು. ಮೂರನೆಯವರು ಹಾಗೆ ಕೇಳಲೂ ಇಲ್ಲ, ಡಬ್ಬಿ ಕಳಿಸಿಬಿಟ್ಟರು. ಪ್ಲಾಸ್ಟರಿನ ಗುಣವೆಂದರೆ, ನೀರು ಬೆರೆಸುವ ತನಕ ಅದು ಚೀಲದಲ್ಲಿ ತಿಂಗಳುಗಟ್ಟಲೆ ಕಾಯುತ್ತದೆ, ಬೆರೆಸಿದ ಮೇಲೆ ಯಾರಪ್ಪನ ಮಾತೂ ಕೇಳುವುದಿಲ್ಲ. ಅಷ್ಟರಲ್ಲಿ ಫೋನ್ ಬಂತೋ, ಬಟ್ಟಲಲ್ಲೇ ಕಲ್ಲಾಗಿ ಕೂತಿರುತ್ತದೆ. ಅವಳ ಮೇಜಿನ ಕೆಳಗೆ ಬಟ್ಟಲಿನ ಆಕಾರದ ಪ್ಲಾಸ್ಟರ್ ಗಟ್ಟಿಗಳು ಒಂದು ಬುಟ್ಟಿ ತುಂಬ ಬಿದ್ದಿರುತ್ತಿದ್ದವು, ಒಂದೊಂದೂ ಒಂದೊಂದು ಫೋನಿನ ಗುರುತು. ಬೆಳಿಗ್ಗೆ ಮನೆಯವರಿಗೆಲ್ಲ ಊಟ ಮಾಡಿಟ್ಟು, ಮಗಳ ತಲೆ ಬಾಚಿ, ಗಂಡನ ಶರ್ಟಿನ ಗುಂಡಿ ಹೊಲಿದು, ಮಾವನ ಮಾತ್ರೆ ತೆಗೆದಿಟ್ಟು, ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಓಡುತ್ತಿದ್ದಳು. ಎಲ್ಲಿಗೆ ಹೋದರೂ ತಡ.

ಹೊತ್ತು ಸಾಲದೆ ಹೋದಾಗ ಒಬ್ಬೊಬ್ಬರು ಒಂದೊಂದು ಉಪಾಯ ಮಾಡುತ್ತಾರೆ. ಅವಳು ಗಡಿಯಾರಗಳನ್ನು ಮುಂದಕ್ಕೆ ತಿರುಗಿಸಿಟ್ಟಳು.

ಶುರುವಾದದ್ದು ನಡುಮನೆಯ ಗೋಡೆ ಗಡಿಯಾರದಿಂದ. ಅದನ್ನು ಕಾಲು ಗಂಟೆ ಮುಂದಿಟ್ಟಳು. ಒಂದು ವಾರ ಎಲ್ಲವೂ ಸುಸೂತ್ರವಾಗಿ ನಡೆಯಿತು, ಎಲ್ಲರೂ ಹೊತ್ತಿಗೆ ಮುಂಚೆ ಮನೆ ಬಿಟ್ಟರು. ಎರಡನೆಯ ವಾರ ಗಡಿಯಾರ ನೋಡಿ ಮನಸ್ಸಿನಲ್ಲೇ ಕಾಲು ಗಂಟೆ ಕಳೆಯುವುದು ಎಲ್ಲರಿಗೂ ರೂಢಿಯಾಯಿತು. ‘ಇನ್ನೂ ಟೈಮಿದೆ ಬಿಡು’ ಎಂದು ಅವಳೇ ಮೊದಲು ಹೇಳತೊಡಗಿದಳು. ತನ್ನ ಜೇಬಿಗೆ ತಾನೇ ಕತ್ತರಿ ಹಾಕಿದರೆ ಎಷ್ಟು ಲಾಭ ಬಂದೀತು! ಹಾಗಾಗಿ ಅಡುಗೆಮನೆಯದನ್ನು ಅರ್ಧ ಗಂಟೆ ಮುಂದಿಟ್ಟಳು. ಮಲಗುವ ಕೋಣೆಯದು ಎಷ್ಟು ಮುಂದಿದೆ ಎಂದು ಯಾರಿಗೂ ಗೊತ್ತಾಗಬಾರದೆಂದು ಕಣ್ಣು ಮುಚ್ಚಿಕೊಂಡು ತಿರುಗಿಸಿದಳು. ಮಗಳೂ ಅಮ್ಮನ ಮಗಳೇ. ಅಪ್ಪ ಬಚ್ಚಲಲ್ಲಿ ಕೂತು ಪೇಪರ್ ಓದುವುದನ್ನು ನಿಲ್ಲಿಸಲು ಅಲ್ಲಿಯ ಪುಟ್ಟ ಗಡಿಯಾರವನ್ನು ಇನ್ನೂ ಮುಂದಕ್ಕೆ ತಳ್ಳಿದಳು.

ಮೊಬೈಲಿನಲ್ಲಿ ಸರಿಯಾದ ಸಮಯ ಇರುತ್ತದಲ್ಲ ಎಂದು ನೀವು ಕೇಳಬಹುದು. ಇರುತ್ತದೆ. ಆದರೆ ಮೊಬೈಲ್ ತೆಗೆದರೆ ಸಮಯದ ಕೆಳಗೆ ಮೂವರು ಡೆಂಟಿಸ್ಟ್‌ಗಳ ಮಿಸ್ಡ್ ಕಾಲ್‌ಗಳೂ ಇರುತ್ತವೆ. ಗಂಟೆ ನೋಡಲು ಅವಳು ಅದನ್ನು ತೆಗೆಯುತ್ತಲೇ ಇರಲಿಲ್ಲ.

ಕಾಲಕ್ರಮೇಣ ಆ ಮನೆಗೆ ಅದರದೇ ಒಂದು ಭಾಷೆ ಬಂತು. ‘ಎಂಟಕ್ಕೆ ಬರ್ತೀನಿ’ ಎಂದರೆ ಸಾಲದು. ‘ನಡುಮನೆ ಎಂಟೋ, ಅಡುಗೆಮನೆ ಎಂಟೋ?’ ಎಂದು ಮಗಳು ಕೇಳುತ್ತಾಳೆ. ಎರಡೂ ಅಲ್ಲದಿದ್ದರೆ ‘ಲೋಕದ ಎಂಟು’. ಹೊಸದಾಗಿ ಬಂದ ನೆಂಟರು ಗಂಟೆ ಕೇಳಿದರೆ ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬೆರಳು ಮಡಿಸತೊಡಗುತ್ತಾರೆ. ಗಂಡ ಅಚ್ಚುಕೂಟದಲ್ಲಿ ಪಾಳಿಯ ಮೇಲೆ ಕೆಲಸ ಮಾಡುವವನು, ನಿಧಾನಸ್ಥ. ಅವನು ಯಾವ ಗಡಿಯಾರವನ್ನೂ ನಂಬುವುದು ಬಿಟ್ಟು ಹೆಂಡತಿಯ ದನಿ ಎಷ್ಟು ಏರಿದೆ ಎನ್ನುವುದರ ಮೇಲೆ ಹೊರಡುತ್ತಿದ್ದ. ಅದೇ ಎಲ್ಲಕ್ಕಿಂತ ಸರಿಯಾಗಿ ನಡೆಯುತ್ತಿತ್ತು ಎಂದು ನನಗೆ ಹೇಳಿದ್ದಾನೆ.

ಈ ಗೊಂದಲದಲ್ಲಿ ಆರಾಮಾಗಿದ್ದವರು ಅವಳ ಮಾವ ಒಬ್ಬರೇ. ಜೀವಮಾನವಿಡೀ ಸಲೂನ್ ನಡೆಸಿದವರು. ಈಗಲೂ ಕೈ ನಡುಗುವುದಿಲ್ಲ. ತಿಂಗಳಿಗೊಮ್ಮೆ ತಾರಸಿಯ ಮೇಲೆ ಸ್ಟೂಲ್ ಹಾಕಿ ನನ್ನ ಕೂದಲನ್ನೂ ಮಗನ ಕೂದಲನ್ನೂ ಕತ್ತರಿಸುತ್ತಾರೆ. ಸಲೂನಿನಲ್ಲಿ ಕಲಿಯುವ ದೊಡ್ಡ ವಿದ್ಯೆ ಕತ್ತರಿಯದಲ್ಲ, ಮಾತಿನದು. ಗಿರಾಕಿ ಏನೇ ಕೇಳಲಿ, ಉತ್ತರ ಗೊತ್ತಿರಲಿ ಬಿಡಲಿ, ನಗಿಸಿ ಕಳಿಸಬೇಕು. ಅವರನ್ನು ಗಂಟೆ ಎಷ್ಟು ಎಂದು ಕೇಳಿದರೆ ತಲೆ ಎತ್ತದೆ ‘ಯಾವ ಕೋಣೇಲಿ?’ ಎನ್ನುತ್ತಿದ್ದರು. ಮೊದಲ ಸಲ ಕೇಳಿದಾಗ ನಾವೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆಮೇಲೆ ಅದು ಮನೆಯ ಖಾಯಂ ಜೋಕಾಯಿತು.

ನಗದೇ ಇದ್ದವಳು ಅವರ ಮಗಳು, ಅಂದರೆ ಇವಳ ನಾದಿನಿ. ಅವಳಿರುವುದು ಬೇರೆ ಊರಿನಲ್ಲಿ. ರಜೆಗೆ ಬಂದವಳು ಊಟಕ್ಕೆ ಕೂತಾಗ ಅಪ್ಪ ಅವಳನ್ನು ‘ಮೊಮ್ಮಗ ಈಗ ಎಷ್ಟನೇ ಕ್ಲಾಸು?’ ಎಂದು ಕೇಳಿದರಂತೆ. ಹೇಳಿದಳು. ಅನ್ನ ಬಡಿಸುವಾಗ ಮತ್ತೆ ಕೇಳಿದರು. ಕೈ ತೊಳೆಯುವಾಗ ಇನ್ನೊಮ್ಮೆ. ತಾತ ಎಲ್ಲರನ್ನೂ ಹೀಗೇ ರೇಗಿಸುವುದು ಎಂದು ಮೊಮ್ಮಗಳು ಸಮಾಧಾನ ಹೇಳಿದಳು. ನಾದಿನಿಗೆ ಸಮಾಧಾನವಾಗಲಿಲ್ಲ.

"ಅತ್ತಿಗೆ, ಅಪ್ಪನ್ನ ಒಂದ್ಸಲ ಡಾಕ್ಟರಿಗೆ ತೋರ್ಸಿ," ಎಂದಳು. "ಮರೆವಿನ ಕಾಯಿಲೆ ಶುರುವಾಗಿದ್ರೆ ಒಬ್ರನ್ನೇ ಬಿಡೋ ಹಾಗಿಲ್ಲ. ನಿಮ್ಮನೇಲಿ ಹಗಲೊತ್ತು ಯಾರಿರ್ತಾರೆ ಹೇಳಿ?"

ಯಾರೂ ಇರುವುದಿಲ್ಲ.

"ನಿಮ್ಮನ್ನ ಆಡಿಕೊಳ್ತಿಲ್ಲ ಅತ್ತಿಗೆ. ನಿಮಗೆ ಉಸಿರಾಡೋಕೂ ಬಿಡುವಿಲ್ಲ ಅಂತ ನಂಗೊತ್ತು. ಹಾಗೇನಾದ್ರೂ ಇದ್ರೆ ನಾನು ಕರ್ಕೊಂಡು ಹೋಗ್ತೀನಿ. ನಮ್ಮನೇಲಿ ನೋಡ್ಕೊಳ್ಳೋಕೆ ಜನ ಇದಾರೆ."

"ನಾನೇನು ಪಾರ್ಸಲ್ಲಾ, ವಿಳಾಸ ಬದಲಾಯಿಸಿ ಕಳ್ಸೋಕೆ?" ಎಂದು ಒಳಗಿನಿಂದ ಮುದುಕರು ಕೂಗಿದರು. ಎಲ್ಲರೂ ನಕ್ಕರು. ಆದರೆ ಅವತ್ತು ಸಂಜೆ ಅವರು ಕೈಕಂಬಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ನನ್ನ ಬಾಗಿಲಿಗೆ ಬಂದರು. ಕೂರಿ ಎಂದರೂ ಕೂರಲಿಲ್ಲ. "ನಂಗೆ ಹೋಗೋ ಮನಸ್ಸಿಲ್ಲ ಕಣಯ್ಯ," ಎಂದರು. "ಆ ಊರಲ್ಲಿ ನನ್ನ ಕೈಗೆ ತಲೆ ಕೊಡೋರು ಯಾರಿದಾರೆ?" ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ. ನಾನು ಹಾಗೇನೂ ಆಗುವುದಿಲ್ಲ ಬಿಡಿ ಎಂದೆ.

ಡಾಕ್ಟರ ಭೇಟಿಯ ದಿನ ಸೊಸೆ ಹೊತ್ತಿಗೆ ಸರಿಯಾಗಿ ಬರುತ್ತಾಳೆ ಎಂದು ನಂಬುವಷ್ಟು ಬೆಪ್ಪ ನಾನಲ್ಲ. ಪ್ಲಾಸ್ಟರ್ ಬೆರೆಸಿಯಾಗಿದೆ, ಹೊಯ್ದು ಹಾಗೇ ಬಂದುಬಿಡುತ್ತೇನೆ, ನೀವು ಮುಂದೆ ನಡೆಯಿರಿ ಎಂದು ಫೋನ್ ಬಂತು. ನಾನೇ ಅವರನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಡಾಕ್ಟರು ನಡುವಯಸ್ಸಿನ ಹೆಂಗಸು, ಮೆತ್ತಗೆ ಮಾತಾಡುವವರು. ಬಿಳಿ ಗೋಡೆ, ಎರಡು ಕುರ್ಚಿ, ಮೇಜಿನ ಮೇಲೆ ಒಂದು ಹಾಳೆ, ಒಂದು ಪೆನ್ಸಿಲ್. ಅದೂ ಇದೂ ಕೇಳಿದರು. ಮುದುಕರು ಪ್ರತಿಯೊಂದಕ್ಕೂ ಒಂದು ಚಟಾಕಿ ಹಾರಿಸಿದರು. ತಿಂಗಳು ಯಾವುದು ಎಂದರೆ ಬಾಡಿಗೆ ಕೊಡುವವರನ್ನು ಕೇಳಿ ಎಂದು ನನ್ನ ಕಡೆ ಕೈ ತೋರಿಸಿದರು. ಗಂಟೆ ಎಷ್ಟಿರಬಹುದು ಎಂದಾಗ ‘ಯಾವ ಕೋಣೇದು ಕೇಳ್ತಿದ್ದೀರಿ?’ ಎಂದರು.

ಡಾಕ್ಟರು ಹಾಳೆ ಮುಂದೆ ಸರಿಸಿ, ಒಂದು ಗಡಿಯಾರ ಬರೆದು ಅದರಲ್ಲಿ ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಎಂದರು. ಮುದುಕರು ಪೆನ್ಸಿಲನ್ನು ಕತ್ತರಿ ಹಿಡಿದಷ್ಟೇ ಹಗುರವಾಗಿ ಹಿಡಿದು, ಕೈ ಎತ್ತದೆ, ದುಂಡಗೆ ಮೂರು ಸೊನ್ನೆ ಬರೆದರು. "ಇದು ನಡುಮನೆ, ಇದು ಅಡುಗೆಮನೆ, ಇದು ಬಚ್ಚಲು," ಎಂದರು.

"ಮುಳ್ಳು ಎಲ್ಲಿ?" ಎಂದರು ಡಾಕ್ಟರು.

"ಮುಳ್ಳಿಡೋದು ನಮ್ಮ ಸೊಸೆ ಕೆಲ್ಸ."

ನಾನು ಜೋರಾಗಿ ನಕ್ಕೆ. ಡಾಕ್ಟರು ಸ್ವಲ್ಪ ನಕ್ಕು ಏನೋ ಬರೆದುಕೊಂಡರು. ಅಷ್ಟರಲ್ಲಿ ಸೊಸೆ ಬಂದಳು, ಮೊಣಕೈತನಕ ಬಿಳಿ ಪುಡಿ, ಸೆರಗು ಎಲ್ಲೆಲ್ಲೋ. ಮೂರು ಸೊನ್ನೆಗಳನ್ನು ನೋಡಿ ಅವಳ ಮುಖ ಚಿಕ್ಕದಾಯಿತು. ಕೂರುವ ಮೊದಲೇ ಶುರುಮಾಡಿದಳು.

"ಇದು ಅವರ ತಪ್ಪಲ್ಲ ಡಾಕ್ಟ್ರೇ, ನಂದು. ನಮ್ಮನೇಲಿ ಒಂದ್ ಗಡಿಯಾರಾನೂ ಸರಿಯಾಗಿಲ್ಲ. ನಾನೇ ಮುಂದಿಟ್ಟಿದೀನಿ, ಒಂದೊಂದು ಒಂದೊಂದ್ ಥರ. ಅಂಥಾ ಮನೇಲಿದ್ರೆ ಯಾರಿಗೆ ತಾನೇ ಗಂಟೆ ಗೊತ್ತಾಗುತ್ತೆ? ನನ್ನ ಕೇಳಿದ್ರೂ ಹೇಳೋಕೆ ಬರಲ್ಲ."

ಡಾಕ್ಟರು ಅವಳು ಹೇಳಿದ್ದನ್ನು ಪೂರ್ತಿ ಕೇಳಿದರು. ನಗಲಿಲ್ಲ, ಬೈಯಲೂ ಇಲ್ಲ. "ಸರಿ, ಹಾಗಿದ್ರೆ ಮೊದಲು ಗಡಿಯಾರ ಎಲ್ಲಾ ಸರಿ ಮಾಡಿ. ಒಂದು ತಿಂಗಳು ಬಿಟ್ಟು ಬನ್ನಿ, ಮತ್ತೆ ನೋಡೋಣ," ಎಂದರು.

ದಾರಿಯುದ್ದಕ್ಕೂ ಸೊಸೆಯ ಮುಖ ಅರಳಿತ್ತು. ರೋಗ ಮಾವನಿಗಲ್ಲ, ಗಡಿಯಾರಕ್ಕೆ. ಅದಕ್ಕೆ ಔಷಧಿ ತನ್ನ ಕೈಯಲ್ಲೇ ಇದೆ. ಮನೆಗೆ ಹೋದವಳೇ ಸ್ಟೂಲ್ ಹತ್ತಿ ಎಲ್ಲವನ್ನೂ ಇಳಿಸಿ, ಮೊಬೈಲ್ ತೆಗೆದು, ಮಿಸ್ಡ್ ಕಾಲ್‌ಗಳ ಕಡೆ ನೋಡದೆ, ಒಂದೊಂದನ್ನೂ ಲೋಕದ ಗಂಟೆಗೆ ತಂದಳು.

ಆ ತಿಂಗಳು ಆ ಮನೆಯ ಪಾಡು ಮೇಲಿನಿಂದ ನೋಡುವವನಿಗೆ ಒಳ್ಳೆಯ ಮನರಂಜನೆ. ಗಡಿಯಾರ ಸರಿಯಾಯಿತು, ಕಳೆಯುವ ಚಾಳಿ ಹೋಗಲಿಲ್ಲ. ಮಗಳು ಅಡುಗೆಮನೆಯ ಗಡಿಯಾರ ನೋಡಿ ಅರ್ಧ ಗಂಟೆ ಕಳೆದು ನೆಮ್ಮದಿಯಾಗಿ ಹಾಲು ಕುಡಿಯುತ್ತಾ ಕೂತಳು, ಶಾಲೆಯ ಬಸ್ಸು ಗೇಟಿನ ಮುಂದಿನಿಂದಲೇ ಹೋಯಿತು. ಗಂಡ ಒಂದೇ ವಾರದಲ್ಲಿ ಎರಡು ಸಲ ಪಾಳಿ ತಪ್ಪಿಸಿಕೊಂಡ. ಯಾಕೆಂದರೆ ಹೆಂಡತಿ ಈಗ ಕೂಗುವುದನ್ನು ಬಿಟ್ಟಿದ್ದಳು, ಗೋಡೆ ನೋಡಿಕೊಳ್ಳಿ ಸಾಕು ಎಂದಿದ್ದಳು. ಮಾವನ ಹತ್ತಿರ ಮಾತ್ರ ಅವಳು ಹೋದಲ್ಲಿ ಬಂದಲ್ಲಿ ಗಂಟೆ ಕೇಳುತ್ತಿದ್ದಳು. ಅವರು ‘ಗಡಿಯಾರಕ್ಕೇ ಕೇಳು, ಅದಕ್ಕೇನು ಬಾಯಿಲ್ವಾ’ ಎಂದರು. ಇನ್ನೊಂದು ದಿನ ‘ನಿನ್ನೆ ಇದೇ ಹೊತ್ತಿಗೆ ಎಷ್ಟಿತ್ತೋ ಅಷ್ಟು’ ಎಂದರು. ಮೊದಮೊದಲು ಅವಳು ನಗುತ್ತಿದ್ದಳು. ಆಮೇಲೆ ನಗು ಸ್ವಲ್ಪ ತಡವಾಗಿ ಬರತೊಡಗಿತು ಎಂದು ನನಗೆ ಅನಿಸಿತು.

ತಿಂಗಳು ತುಂಬುವ ಮೊದಲು ಒಂದು ದಿನ ಒಬ್ಬ ಡೆಂಟಿಸ್ಟ್ ಕ್ಲಿನಿಕ್ ಮುಚ್ಚಿದ್ದರು, ಬರಬೇಕಾಗಿದ್ದ ಡಬ್ಬಿ ಬರಲಿಲ್ಲ. ಅವಳು ಬೆಳಗಿನ ಹೊತ್ತಿನಲ್ಲೇ ಮನೆಗೆ ಬಂದಳು. ಹಾಗೆ ಅವಳು ಬಂದದ್ದನ್ನು ನಾನು ನೋಡಿರಲೇ ಇಲ್ಲ, ಅವತ್ತೂ ನೋಡಲಿಲ್ಲ. ನನ್ನ ರೇಡಿಯೋ ಕೆಟ್ಟು ರಿಪೇರಿಗೆ ಕೊಡಲು ಪೇಟೆಗೆ ಹೋಗಿದ್ದೆ. ಅಲ್ಲಿ ನಡೆದದ್ದನ್ನು ಅವಳೇ ಆ ಸಂಜೆ ಮೆಟ್ಟಿಲ ಮೇಲೆ ಕೂತು ನನಗೆ ಹೇಳಿದಳು.

ಮಾವ ಬಾಗಿಲ ಪಕ್ಕದ ಬೆಂಚಿನ ಮೇಲೆ ಶೂ ಹಾಕಿಕೊಂಡು, ಟೋಪಿ ಇಟ್ಟುಕೊಂಡು, ಛತ್ರಿ ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದರು. ಬೆಳಗಿನ ತಿಂಡಿಯ ತಟ್ಟೆ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು.

"ಎಲ್ಲಿಗೆ ಹೊರಟ್ರಿ ಮಾವ?"

"ಪುಟ್ಟಿ ಬಸ್ಸು ಬರೋ ಹೊತ್ತಾಯ್ತಲ್ಲ."

ದಿನಾ ಸಂಜೆ ಮೊಮ್ಮಗಳನ್ನು ಬಸ್ಸಿನಿಂದ ಇಳಿಸಿಕೊಂಡು ಬರುವುದು ಅವರ ಕೆಲಸ. ಸಂಜೆಯಾಗಲು ಇನ್ನೂ ಅರ್ಧ ದಿನ ಇತ್ತು. ಅವಳು ಅಡುಗೆಮನೆಯ ಕಡೆ ನಡೆಯುತ್ತಲೇ ‘ಗಂಟೆ ನೋಡಿ ಮಾವ’ ಎಂದಳಂತೆ. ಉತ್ತರ ಬರಲಿಲ್ಲ. ಚಟಾಕಿಯೂ ಬರಲಿಲ್ಲ. ತಿರುಗಿ ನೋಡಿದರೆ, ಅವರು ಎದುರು ಗೋಡೆಯ ಗಡಿಯಾರವನ್ನೇ ದಿಟ್ಟಿಸುತ್ತಿದ್ದರು, ಪರದೇಶದ ಅಕ್ಷರ ಓದಲು ಹೊರಟವರ ಹಾಗೆ. ಅಷ್ಟರಲ್ಲಿ ಅವಳ ಫೋನ್ ಬಡಿದುಕೊಳ್ಳತೊಡಗಿತು. ಅವಳು ಅದನ್ನು ಬಡಿದುಕೊಳ್ಳಲು ಬಿಟ್ಟು ಮಾವನ ಪಕ್ಕ ಬೆಂಚಿನ ಮೇಲೆ ಕೂತಳು.

"ಮುಳ್ಳು ಕಾಣ್ತವೆ ಕಣಮ್ಮ," ಎಂದರು ಅವರು. "ಚಿಕ್ಕದು ಅಲ್ಲಿದೆ, ದೊಡ್ಡದು ಇಲ್ಲಿದೆ. ಎರಡೂ ಸೇರಿ ಏನ್ ಹೇಳ್ತಿವೆ ಅಂತ ಮಾತ್ರ ಗೊತ್ತಾಗ್ತಿಲ್ಲ."

"ಯಾವಾಗಿಂದ ಮಾವ?"

"ಹೋದ ಸಲ ಸೆಖೆ ಶುರುವಾದಾಗಿಂದ ಇರ್ಬೇಕು. ಅದೂ ಸರಿಯಾಗಿ ನೆನಪಿಲ್ಲ."

ಅಂದರೆ ಒಂದು ವರ್ಷಕ್ಕೂ ಮೇಲೆ. ಆ ವರ್ಷವೆಲ್ಲ ಅವರು ಮೊಮ್ಮಗಳ ಬಸ್ಸಿಗೆ ಒಂದು ದಿನವೂ ತಪ್ಪದೆ ಹೋಗಿದ್ದರು. ಹೇಗೆ ಎಂದು ಅವಳು ಕೇಳಿದಳು. ಮೇಲಿನವನ, ಅಂದರೆ ನನ್ನ, ರೇಡಿಯೋದಲ್ಲಿ ಮಧ್ಯಾಹ್ನದ ವಾರ್ತೆ ಮುಗಿದರೆ ಊಟ, ಸಂಜೆ ಹಾಡು ಶುರುವಾದರೆ ಶೂ ಹಾಕಿಕೊಳ್ಳುವುದು. ಬೆಳಿಗ್ಗೆ ಎದುರುಮನೆಯ ಸ್ಕೂಟರ್ ಶಬ್ದ ಕೇಳಿದ ಮೇಲೆ ತಿಂಡಿ. ಅವತ್ತು ಬೆಳಿಗ್ಗೆ ಸ್ಕೂಟರೂ ಹೋಗಲಿಲ್ಲ, ಮೇಲೆ ರೇಡಿಯೋವೂ ಇಲ್ಲ. ಯಾವುದಕ್ಕೂ ಇರಲಿ ಎಂದು ಎದ್ದಾಗಲೇ ಶೂ ಹಾಕಿಕೊಂಡು ಕೂತಿದ್ದರು.

ಇದನ್ನು ಕೇಳಿದಾಗ ನನಗೆ ರಿಪೇರಿಯವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ನಾಳೆ ಬನ್ನಿ ಎಂದಿದ್ದ. ಅವನದೇನೂ ತಪ್ಪಿರಲಿಲ್ಲ, ಆದರೂ ಬಂತು.

"ನಂಗೊಂದ್ ಮಾತು ಹೇಳ್ಬಾರ್ದಿತ್ತಾ ಮಾವ?" ಎಂದು ಅವಳು ಕೇಳಿದ್ದಳು.

"ಹೇಳೋಕಂತಾನೇ ಬಂದಿದ್ದೆ. ಅಡುಗೆಮನೆ ಬಾಗಿಲಲ್ಲಿ ನಿಂತು ಕರೆದೆ. ಬಂದೆ ಮಾವ, ಕೂತಿರಿ ಅಂದೆ ನೀನು. ಕೂತೆ. ಪಾಪ, ನೀನು ಬರ್ದೆ ಏನಿರ್ಲಿಲ್ಲ, ಬಂದು ಎದುರಿಗೆ ನಿಂತೆ. ಅಷ್ಟೊತ್ತಿಗೆ ಏನ್ ಹೇಳ್ಬೇಕಿತ್ತು ಅಂತ ನಂಗೆ ಮರ್ತೇ ಹೋಗಿತ್ತು." ಅವರು ಇನ್ನೊಂದು ಮಾತು ಸೇರಿಸಿದರು. "ಆಮೇಲೊಂದ್ಸಲ ನೆನಪಿತ್ತು. ನಿನ್ನ ಮುಖ ನೋಡಿದೆ. ಇವಳ ತಲೆ ಮೇಲೆ ಇದೊಂದು ಬೇರೆ ಯಾಕೆ ಅಂತ ಸುಮ್ನಾದೆ."

ಆಮೇಲೆ ಏನು ಮಾಡಿದೆ ಎಂದು ನಾನು ಮೆಟ್ಟಿಲ ಮೇಲೆ ಅವಳನ್ನು ಕೇಳಿದೆ.

"ಕೆಳಗೆ ಕೂತು ಅವರ ಶೂ ಬಿಚ್ಚಿದೆ ಅಂಕಲ್. ಎಷ್ಟು ಹೊತ್ತಿಂದ ಹಾಕ್ಕೊಂಡಿದ್ರೋ, ಕಾಲು ಊದ್ಕೊಂಡಿತ್ತು."

ಒಳಗಿನಿಂದ ಮಗಳು ‘ಅಮ್ಮ’ ಎಂದು ಕರೆದಳು. ಅವಳು ಬಾಯಿ ತೆರೆದು, ಮುಚ್ಚಿಕೊಂಡು, ಎದ್ದು ಒಳಗೆ ಹೋದಳು.

ಎರಡನೆಯ ಸಲ ಡಾಕ್ಟರ ಹತ್ತಿರ ಹೋದಾಗ ಅವಳು ನಮಗಿಂತ ಮುಂಚೆ ಅಲ್ಲಿದ್ದಳು. ಮುದುಕರು ಹಾಳೆಯ ಮೇಲೆ ಒಂದೇ ಸೊನ್ನೆ ಬರೆದು ಪೆನ್ಸಿಲ್ ಕೆಳಗಿಟ್ಟರು. ಯಾರೂ ಏನೂ ಸಮಜಾಯಿಷಿ ಕೊಡಲಿಲ್ಲ. ಕಾಯಿಲೆ ಶುರುವಾಗಿದೆ, ನಿಧಾನಕ್ಕೆ ಹೆಚ್ಚುತ್ತದೆ, ಹಗಲು ಹೊತ್ತು ಜೊತೆಗೆ ಯಾರಾದರೂ ಇರಲೇಬೇಕು ಎಂದು ಡಾಕ್ಟರು ಹೇಳಿದರು. ಸೊಸೆ ಅಲ್ಲೇ, ಆ ಕೋಣೆಯ ಹೊರಗೆ ನಿಂತು, ನಾದಿನಿಗೆ ತಾನೇ ಫೋನ್ ಮಾಡಿದಳು. ನೀನು ಹೇಳಿದ್ದೇ ನಿಜ ಎಂದಳು.

ನಾದಿನಿ ಬರುವ ಮೊದಲಿನ ಆ ಕೆಲವು ದಿನಗಳಲ್ಲಿ ಅವಳು ಮಾಡಿದ ಕೆಲಸ ಅವಳ ಮಟ್ಟಿಗೆ ಬೆಟ್ಟ ಅಗೆದಷ್ಟು. ಇಬ್ಬರು ಡೆಂಟಿಸ್ಟ್‌ಗಳಿಗೆ ಫೋನ್ ಮಾಡಿ ಇನ್ನು ತನ್ನಿಂದಾಗುವುದಿಲ್ಲ ಎಂದು ಹೇಳಿದಳು. ಒಬ್ಬರು ಸಿಟ್ಟಾದರು, ಅದು ಸುಲಭವಿತ್ತು. ಇನ್ನೊಬ್ಬರು ‘ಇದೊಂದು ಸೆಟ್ ಮಾಡಿಕೊಡಮ್ಮ, ಪಾಪ ಮುದುಕಿ’ ಎಂದರಂತೆ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ಫೋನ್ ಇಟ್ಟವಳು ಆಮೇಲೆ ಇಡೀ ದಿನ ಆ ಮುದುಕಿಯನ್ನು ನೆನೆಸಿಕೊಂಡು ಒದ್ದಾಡಿದಳು. ಔಷಧಿ ಅಂಗಡಿಯ ಹಿಂದಿನ ಕೋಣೆ ಖಾಲಿ ಮಾಡಿದಳು. ಉದ್ದದ ಮೇಜು, ದವಡೆಗಳು, ಹೊಳಪು ಕೊಡುವ ಯಂತ್ರ, ಎಲ್ಲವೂ ಮನೆಯ ಹಿಂದಿನ ಕೋಣೆಗೆ ಬಂದವು. ಗಂಡ ಬಾಯಿ ಮುಚ್ಚಿಕೊಂಡು ಎರಡು ದಿನ ಗೋಡೆಗೆ ಹಲಗೆ ಹೊಡೆದ. ಇದೆಲ್ಲದರ ನಡುವೆ ಅಡುಗೆಮನೆಯ ಗಡಿಯಾರ ಮತ್ತೆ ಮುಂದಕ್ಕೆ ಹೋಗಿತ್ತು. ಮಗಳನ್ನು ಕೇಳಿದರೆ ಅಪ್ಪನ ಕಡೆ ಕೈ ತೋರಿಸಿದಳು, ಅಪ್ಪ ಮಗಳ ಕಡೆ.

ನಾದಿನಿ ಬಂದ ದಿನ ನನ್ನನ್ನೂ ಕೆಳಗೆ ಕರೆದರು. ಅವಳು ದೊಡ್ಡದೊಂದು ಸೂಟ್‌ಕೇಸ್ ತಂದಿದ್ದಳು. ಹಿಂದಿನ ಕೋಣೆಯನ್ನು ನೋಡಿ ಬಂದು, ಅಣ್ಣನ ಮುಖ ಒಮ್ಮೆ ನೋಡಿ, ಅತ್ತಿಗೆಯ ಎದುರು ಕೂತಳು.

"ಕೆಲಸ ಮನೆಗೆ ತಂದ್ರೆ ಆಯ್ತಾ ಅತ್ತಿಗೆ? ನಿಮಗೆ ಟೈಮೆಲ್ಲಿದೆ?"

"ಇಲ್ಲ," ಎಂದಳು ಅವಳು. "ನಂಗೆ ಟೈಮಿಲ್ಲ. ಅದಕ್ಕೇ ಇಬ್ಬರನ್ನ ಬಿಟ್ಟೆ. ಇರೋದ್ರಲ್ಲಿ ಎಷ್ಟಾಗುತ್ತೋ ಅಷ್ಟು ನೋಡ್ಕೋತೀನಿ. ತಪ್ಪಾಗುತ್ತೆ, ಆಗಲ್ಲ ಅಂತ ಹೇಳಲ್ಲ. ಮಾವ ಎಲ್ಲಿರ್ತೀನಿ ಅಂತಾರೋ ಅಲ್ಲಿರ್ಲಿ."

ನಾದಿನಿ ಕೆಟ್ಟವಳಲ್ಲ. ಅಪ್ಪನ ಕೈ ಹಿಡಿದುಕೊಂಡಳು, ಅವಳ ಕಣ್ಣು ತುಂಬಿತ್ತು. "ನೀನೇ ಹೇಳಪ್ಪ. ನಮ್ಮನೇಲಿ ಏನ್ ಕಮ್ಮಿ ನಿಂಗೆ? ಊಟ, ಮಾತ್ರೆ, ನಿದ್ದೆ, ಎಲ್ಲಾ ಹೊತ್ತಿಗೆ ಸರಿಯಾಗಿ ಆಗುತ್ತೆ. ಇಲ್ಲೇನಿದೆ?"

ಮುದುಕರು ಮಗಳ ತಲೆಯನ್ನು ಒಮ್ಮೆ ನೋಡಿದರು, ಕೂದಲು ಎಲ್ಲಿ ಕತ್ತರಿಸಬೇಕು ಎಂದು ಅಂದಾಜು ಮಾಡುವವರ ಹಾಗೆ. ಆಮೇಲೆ ನಿಧಾನಕ್ಕೆ, ಒಂದೊಂದೇ ಪದ ಹುಡುಕಿಕೊಂಡು ಮಾತಾಡಿದರು.

"ಅದೇ ಕಣೆ ನಂಗೆ ಕಷ್ಟ. ನಿಮ್ಮನೇಲಿ ಎಲ್ಲರಿಗೂ ಗಂಟೆ ಎಷ್ಟು ಅಂತ ಗೊತ್ತಿರುತ್ತೆ. ಗೊತ್ತಿಲ್ದೆ ಇರೋನು ನಾನೊಬ್ನೇ ಆಗ್ಬಿಡ್ತೀನಿ. ಇಲ್ಲಿ ಹಾಗಲ್ಲ. ಇಲ್ಲಿ ಯಾರಿಗೂ ಗೊತ್ತಿಲ್ಲ."

ತಮಾಷೆಗೆ ಹೇಳಿದರೋ ನಿಜಕ್ಕೇ ಹೇಳಿದರೋ ಎಂದು ನಾವೆಲ್ಲ ಅವರ ಮುಖ ನೋಡಿದೆವು. ಅವರು ನಗುತ್ತಿರಲಿಲ್ಲ. ಮಗಳು ಸೂಟ್‌ಕೇಸನ್ನು ಪಕ್ಕಕ್ಕೆ ಸರಿಸಿ, "ಹಾಗಿದ್ರೆ ಇಲ್ಲೇ ಇರಪ್ಪ," ಎಂದಳು.